ಹವಾಮಾನ ಬದಲಾವಣೆ ಬಗ್ಗೆ ಶಾಸಕರಿಗೆ ಮನವಿ: ಏನು ಕೇಳಬೇಕು, ಯಾವಾಗ ಕೇಳಬೇಕು? (ಚಳ್ಳಕೆರೆ ತಾಲ್ಲೂಕು)

ಹಗರಿದಂಡೆ

ಎಲ್ಲರಿಗೂ ನಮಸ್ಕಾರ. ಚಳ್ಳಕೆರೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯಿತಿಗಳ ರೈತರು, ಸ್ತ್ರೀಶಕ್ತಿ ಸಂಘದವರು ಸೇರಿ ಹವಾಮಾನ ಬದಲಾವಣೆ ವಿಷಯವಾಗಿ ನಮ್ಮ ಶಾಸಕರಿಗೆ ಮನವಿ ಕೊಡಬೇಕು ಎಂದಿದ್ದೇವೆ. ಇಲ್ಲಿ ಹೆಚ್ಚಿನದು ಮಳೆಯಾಶ್ರಿತ ಶೇಂಗಾ. ಬಿತ್ತುವಾಗ ಹದ ಸಿಗುತ್ತದೆ, ಹೂ ಬಿಟ್ಟು ಊಡು (ಕಾಯಿ ಕಟ್ಟುವ ಎಳೆ) ಮಣ್ಣಿಗೆ ಇಳಿಯುವ ಹೊತ್ತಿಗೆ ಮಳೆ ಮಾಯ. ಇಲ್ಲವೇ ಕಿತ್ತು ಹೊಲದಲ್ಲಿ ಹಾಕಿದಾಗ ಸುರಿದು ಕಾಯಿ ಕಪ್ಪಾಗುತ್ತದೆ.

ಕರಡಿನಲ್ಲಿ ಹದಿನಾಲ್ಕು ಬೇಡಿಕೆ ಇವೆ: ಹವಾಮಾನ ಬದಲಾವಣೆ ತಡೆಗೆ ಕ್ರಮ, ಎಲ್ಲಾ ಕೆರೆಗಳ ಹೂಳೆತ್ತುವುದು, ಗಿಡ ನೆಡುವುದು, ಬೆಳೆ ವಿಮೆ ಸರಿಯಾಗಿ ಕೊಡಿಸುವುದು, ಬರ ಘೋಷಣೆ, ಸೋಲಾರ್, ಕುಡಿಯುವ ನೀರು, ಹೀಗೆ. ವಾಣಿವಿಲಾಸ ಸಾಗರ 2022ರಲ್ಲಿ 89 ವರ್ಷಗಳ ನಂತರ ಕೋಡಿ ಬಿದ್ದದ್ದು, ಮರುವರ್ಷವೇ ಬರ ಬಂದದ್ದು, ಇದನ್ನೇ ಪುರಾವೆಯಾಗಿ ಹಾಕಿದ್ದೇವೆ.

ಕೇಳಬೇಕಾದ್ದು ಇಷ್ಟು: ಇದು ಇಷ್ಟೇ ಸಾಕೇ? ಯಾವ ಪುರಾವೆ ಜೊತೆಗಿಡಬೇಕು? ಫೋಟೊ ತೆಗೆಸಿಕೊಂಡು ಮನವಿ ಮೂಲೆ ಸೇರದ ಹಾಗೆ ಏನು ಮಾಡಬೇಕು?

---

ಮಳೆಲೆಕ್ಕ

ಹದಿನಾಲ್ಕು ಬೇಡಿಕೆ ಬೇಡ, ಮೂರು ಸಾಕು. ಆ ಮೂರೂ ಶಾಸಕರ ಕೈಯಲ್ಲಿ ಆಗುವಂಥವೇ ಆಗಿರಬೇಕು. "ಹವಾಮಾನ ಬದಲಾವಣೆ" ಎಂಬ ಇಲಾಖೆ ತಾಲ್ಲೂಕಿನಲ್ಲಿ ಇಲ್ಲ. ಕೃಷಿ, ಕಂದಾಯ, ಸಣ್ಣ ನೀರಾವರಿ, ಪಂಚಾಯತ್ ರಾಜ್ ಎಂಜಿನಿಯರಿಂಗ್, ಆರೋಗ್ಯ ಇಲಾಖೆಗಳಿವೆ. ನಿಮ್ಮ ಪ್ರತಿ ಬೇಡಿಕೆಗೂ ಇವುಗಳಲ್ಲಿ ಒಂದು ಮೇಜು, ಒಂದು ಹುದ್ದೆಯ ಹೆಸರು ಇರಬೇಕು. ಇಲ್ಲದಿದ್ದರೆ ಶಾಸಕರ ಆಪ್ತ ಸಹಾಯಕರು "ಸೂಕ್ತ ಕ್ರಮಕ್ಕಾಗಿ" ಎಂದು ಬರೆದು ಜಿಲ್ಲಾಧಿಕಾರಿಗೆ ಕಳಿಸುತ್ತಾರೆ, ಅಲ್ಲಿಂದ ತಹಶೀಲ್ದಾರರಿಗೆ ಹೋಗುತ್ತದೆ, ಅವರು "ಪರಿಶೀಲಿಸಲಾಗುವುದು" ಎಂದು ಹಿಂಬರಹ ಕೊಟ್ಟು ಕಡತ ಮುಗಿಸುತ್ತಾರೆ.

ವಾಣಿವಿಲಾಸದ ಸಾಲನ್ನು ತೆಗೆದುಬಿಡಿ. 1933ರ ನಂತರ 2022ರಲ್ಲಿ ಕೋಡಿ ಬಿದ್ದದ್ದು, 2025ರ ಜನವರಿಯಲ್ಲಿ ಮತ್ತೆ ಬಿದ್ದದ್ದು ಎರಡೂ ನಿಜ. ಆದರೆ ಭದ್ರಾ ಮೇಲ್ದಂಡೆ ಕಾಮಗಾರಿಯಿಂದ ಎತ್ತಿದ ನೀರೂ ಆ ಜಲಾಶಯಕ್ಕೆ ಬರುತ್ತಿದೆ. ಸಭೆಯಲ್ಲಿ ಯಾರಾದರೂ ಎಂಜಿನಿಯರ್ ಇದನ್ನು ಎತ್ತಿ ತೋರಿಸಿದರೆ ನಿಮ್ಮ ಬೇಡಿಕೆಗಳ ಬೆಲೆಯೂ ಇಳಿಯುತ್ತದೆ. ಒಂದು ವರ್ಷದ ಬರವನ್ನೋ ಒಂದು ವರ್ಷದ ನೆರೆಯನ್ನೋ ಹಿಡಿದು ಹವಾಮಾನ ಬದಲಾಯಿತು ಎನ್ನಲಾಗದು. ಅದಕ್ಕೆ ದೀರ್ಘ ಕಾಲದ ಲೆಕ್ಕ ಬೇಕು.

ಪುರಾವೆ ಎಂದರೆ ಹೋಬಳಿ ಮಟ್ಟದ ಮಳೆ ಲೆಕ್ಕ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಶುರುವಾದದ್ದು. ಈಗ ಪಂಚಾಯಿತಿಗೊಂದು ಟೆಲಿಮೆಟ್ರಿಕ್ (ಅಂಕಿಯನ್ನು ತಾನೇ ಕೇಂದ್ರಕ್ಕೆ ಕಳಿಸುವ) ಮಳೆಮಾಪಕ ಇಟ್ಟಿದೆ. ಅಲ್ಲಿಂದ ನಿಮ್ಮ ಹೋಬಳಿಯ ವಾರವಾರದ ಮಳೆ, ವಾಡಿಕೆ ಮಳೆ ಎರಡನ್ನೂ ಪಡೆಯಿರಿ. ವರ್ಷದ ಒಟ್ಟು ಮಿಲಿಮೀಟರ್ ತೋರಿಸಬೇಡಿ, ಅದು ಮೋಸ ಮಾಡುತ್ತದೆ. ಆಗಸ್ಟ್ ಇಡೀ ಒಣಗಿ ಅಕ್ಟೋಬರಿನಲ್ಲಿ ಎರಡು ದಿನ ಸುರಿದರೂ ಒಟ್ಟು ಲೆಕ್ಕ "ವಾಡಿಕೆ" ಎಂದೇ ಬರುತ್ತದೆ, ಶೇಂಗಾ ಮಾತ್ರ ಹೋಗಿರುತ್ತದೆ.

ತೋರಿಸಬೇಕಾದದ್ದು ಮಳೆ ಬಿಡುವು. ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮುಂಗಾರು ಶುರುವಾದ ಮೇಲೆ ಸತತ ಮೂರು-ನಾಲ್ಕು ವಾರ, ಪ್ರತಿ ವಾರವೂ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದರೆ ಅದು ಬಿಡುವು. ಹಗುರ ಮಣ್ಣಿಗೆ ಮೂರು ವಾರ ಸಾಕು. ನಿಮ್ಮ ಕೆಂಪು ಮಸಾರಿ ಭೂಮಿಗೆ ಮೂರು ವಾರದ ಲೆಕ್ಕವೇ ಅನ್ವಯಿಸಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ವರ್ಷ ಒಂದು ಸಾಲು, ವಾರ ಒಂದು ಕಂಬ, ಬಿಡುವಿನ ವಾರಗಳಿಗೆ ಬಣ್ಣ ಹಾಕಿದ ಒಂದೇ ಹಾಳೆ ಸಾಕು. ಶಾಸಕರು ನಿಂತಲ್ಲೇ ನೋಡಿ ಅರ್ಥ ಮಾಡಿಕೊಳ್ಳುವಂತಿರಬೇಕು.

ಇನ್ನು ಬರ ಘೋಷಣೆ. "ಘೋಷಿಸಿ" ಎಂದು ಕೇಳಿದರೆ ಯಾರೂ ಘೋಷಿಸುವುದಿಲ್ಲ, ಅದು ಸೂಚ್ಯಂಕಗಳ ಮೇಲೆ ನಡೆಯುವ ಕೆಲಸ. ಮೊದಲು ಮಳೆ ಕೊರತೆ ಮತ್ತು ಬಿಡುವು, ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದ ಹಸಿರು ಸೂಚ್ಯಂಕ, ಮಣ್ಣಿನ ತೇವಾಂಶ, ಜಲಮೂಲಗಳ ಸ್ಥಿತಿ. ಕೊನೆಗೆ ಶೇ. 10ರಷ್ಟು ಹಳ್ಳಿಗಳನ್ನು ಆರಿಸಿ ಹೊಲಕ್ಕೇ ಹೋಗಿ ನೋಡುವ ಜಂಟಿ ಸಮೀಕ್ಷೆ. ಎಡವುವುದು ಬಿತ್ತನೆ ಪ್ರದೇಶದಲ್ಲಿ: ಬಿತ್ತಿದ್ದು ಒಣಗಿದರೂ ಕಾಗದದಲ್ಲಿ ಅದು "ಬಿತ್ತನೆಯಾಗಿದೆ". ಅದನ್ನು ಸರಿದೂಗಿಸಬಲ್ಲದ್ದು ಜಂಟಿ ಸಮೀಕ್ಷೆ ಒಂದೇ. ಆದ್ದರಿಂದ ಬೇಡಿಕೆ ಹೀಗಿರಲಿ: "ಸಮೀಕ್ಷೆಗೆ ಆಯ್ಕೆಯಾದ ಹಳ್ಳಿಗಳ ಪಟ್ಟಿ ಹಾಗೂ ಫಲಿತಾಂಶವನ್ನು ಪಂಚಾಯಿತಿ ಫಲಕದಲ್ಲಿ ಹಾಕಿಸುವುದು." ಇದನ್ನು ಶಾಸಕರು ಒಂದು ಫೋನಿನಲ್ಲಿ ಮಾಡಿಸಬಹುದು. ಮುಂಗಾರಿನ ಬರ ಘೋಷಣೆಗೆ ಅಕ್ಟೋಬರ್ 31 ಕೊನೆ. ನವೆಂಬರಿನಲ್ಲಿ ಮನವಿ ಕೊಟ್ಟರೆ ಪ್ರಯೋಜನವಿಲ್ಲ, ಆಗಸ್ಟ್ ಮುಗಿಯುವುದರೊಳಗೆ ಕೊಡಿ.

"ತೀವ್ರ", "ಸಾಧಾರಣ" ಎಂಬ ವ್ಯತ್ಯಾಸವನ್ನೂ ಶಾಸಕರಿಗೆ ನೆನಪಿಸಿ. ರಾಷ್ಟ್ರೀಯ ವಿಪತ್ತು ನಿಧಿಯ ನೆರವು ತೀವ್ರ ಬರಕ್ಕೆ ಮಾತ್ರ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ 2024ರ ಏಪ್ರಿಲಿನಲ್ಲಿ ಬಂದದ್ದು ಸುಮಾರು 3,454 ಕೋಟಿ. ಬೆಳೆ ಹೋದದ್ದು ಒಂದು ಹಂಗಾಮಿನಲ್ಲಿ, ಹಣ ಬಂದದ್ದು ಮುಂದಿನ ಬಿತ್ತನೆ ಹೊತ್ತಿಗೆ. ಬರೀ ಪರಿಹಾರದ ಮೇಲೆ ಮನವಿ ನಿಲ್ಲಿಸಬಾರದು ಎನ್ನುವುದು ಇದಕ್ಕೇ.

---

ಟಪಾಲುಮುದ್ರೆ

ಮೇಲಿನ ಮಾತಿಗೆ ಸೇರಿಸುತ್ತೇನೆ. ಶಾಸಕರ ಬಳಿ ಇರುವ ಅಧಿಕಾರ ಯಾವುವು ಎಂದು ತಿಳಿದು ಕೇಳಿದರೆ ಅರ್ಧ ಕೆಲಸ ಆದಂತೆ.

ಮೊದಲನೆಯದು ತಾಲ್ಲೂಕು ಕೆ.ಡಿ.ಪಿ. (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆ. ಮೂರು ತಿಂಗಳಿಗೊಮ್ಮೆ, ಅಧ್ಯಕ್ಷತೆ ಶಾಸಕರದ್ದು, ತಾಲ್ಲೂಕಿನ ಎಲ್ಲಾ ಇಲಾಖೆಯ ಅಧಿಕಾರಿಗಳು ಎದುರಿಗೆ ಕೂತಿರುತ್ತಾರೆ. ನನ್ನ ಪ್ರಕಾರ ಭಾಷಣ, ಪಾದಯಾತ್ರೆ, ಟ್ವೀಟ್ ಎಲ್ಲಕ್ಕಿಂತ ಈ ಸಭೆ ದೊಡ್ಡದು. ಏಕೆಂದರೆ ಅಲ್ಲಿ ಹೇಳಿದ್ದು ನಡವಳಿಯಲ್ಲಿ ದಾಖಲಾಗುತ್ತದೆ, ಮುಂದಿನ ಸಭೆಗೆ ಅಧಿಕಾರಿ ಅನುಪಾಲನಾ ವರದಿ ತರಬೇಕು. ಸಭೆಗೆ ಹತ್ತು ದಿನ ಮೊದಲು ಶಾಸಕರಿಗೆ ಮನವಿ ಕೊಟ್ಟು, ಅದರ ಪ್ರತಿಯನ್ನು ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೂ ಕೊಡಿ. "ಈ ವಿಷಯವನ್ನು ಮುಂದಿನ ಕೆ.ಡಿ.ಪಿ. ಸಭೆಯ ಕಾರ್ಯಸೂಚಿಗೆ ಸೇರಿಸಬೇಕು" ಎಂಬ ಸಾಲು ಮನವಿಯ ಮೊದಲ ಪ್ಯಾರಾದಲ್ಲೇ ಇರಲಿ. ಸಭೆ ಆದ ಮೇಲೆ ನಡವಳಿಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎರಡು ವಿಷಯ ಸೇರಿಸಿದರೆ ಅದೇ ನೆಪದಲ್ಲಿ ವಾಪಸ್ಸು ಬರುತ್ತದೆ. 30 ದಿನದಲ್ಲಿ ಉತ್ತರ ಬರಬೇಕು.

ಎರಡನೆಯದು ಸದನ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲೇ ಉತ್ತರ ಕೊಡಬೇಕು, ಉಪಪ್ರಶ್ನೆಗೂ ಅವಕಾಶ. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಗಮನ ಸೆಳೆಯುವ ಸೂಚನೆ ನಿಯಮ 73ರಲ್ಲಿ. ಪ್ರಶ್ನೆಗಳನ್ನು ಅಧಿವೇಶನಕ್ಕೆ ಎಷ್ಟೋ ಮೊದಲೇ ಕೊಟ್ಟಿರಬೇಕು, ಆದ್ದರಿಂದ ಅಧಿವೇಶನ ಶುರುವಾದ ದಿನ ಶಾಸಕರ ಮನೆಗೆ ಹೋಗಿ ಪ್ರಯೋಜನವಿಲ್ಲ. ಬೆಳಗಾವಿ ಅಧಿವೇಶನಕ್ಕಾದರೆ ಅಕ್ಟೋಬರಿನಲ್ಲೇ ಪ್ರಶ್ನೆ ಬರೆದು ಕೊಡಿ. ಹೌದು, ನೀವೇ ಬರೆದು ಕೊಡಿ. ಪ್ರಶ್ನೆ ಅಂಕಿ ಕೇಳುವಂತಿರಲಿ: "ಚಳ್ಳಕೆರೆ ತಾಲ್ಲೂಕಿನಲ್ಲಿರುವ ಟೆಲಿಮೆಟ್ರಿಕ್ ಮಳೆಮಾಪಕಗಳೆಷ್ಟು? ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಾಪಕಗಳು ಎಷ್ಟೆಷ್ಟು ದಿನ ದತ್ತಾಂಶ ಕಳಿಸಿಲ್ಲ? ದುರಸ್ತಿಗೆ ಖರ್ಚಾದ ಮೊತ್ತವೆಷ್ಟು?" ಇಂಥದ್ದಕ್ಕೆ ಇಲಾಖೆ ಪಂಚಾಯಿತಿವಾರು ಅನುಬಂಧ ಕೊಡಲೇಬೇಕಾಗುತ್ತದೆ. "ಹವಾಮಾನ ಬದಲಾವಣೆಗೆ ಸರ್ಕಾರ ಏನು ಕ್ರಮ ಕೈಗೊಂಡಿದೆ?" ಎಂದು ಕೇಳಿದರೆ ಬರುವುದು ಯೋಜನೆಗಳ ಹೆಸರಿನ ಪಟ್ಟಿ ಮಾತ್ರ. ಮಂತ್ರಿ ಸದನದಲ್ಲಿ ಭರವಸೆ ಕೊಟ್ಟರೆ ಅದು ಸರ್ಕಾರಿ ಭರವಸೆಗಳ ಸಮಿತಿಗೆ ಹೋಗುತ್ತದೆ, ಆ ದಾರಿಯಲ್ಲೂ ಬೆನ್ನು ಹತ್ತಬಹುದು.

ಮೂರನೆಯದು ಹಣ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಮಂಜೂರಾತಿ ಜಿಲ್ಲಾಧಿಕಾರಿಗಳಿಂದ. ಒಂದು ಇಡೀ ಕ್ಷೇತ್ರಕ್ಕೆ ಇದು ಸಣ್ಣ ಮೊತ್ತ, ಕೆರೆ ಹೂಳೆತ್ತಲು ಇದನ್ನು ಕೇಳಬೇಡಿ. ಸಂತೆ ಮೈದಾನಕ್ಕೆ ನೆರಳಿನ ಚಾವಣಿ, ಕುಡಿಯುವ ನೀರಿನ ಘಟಕದ ಕಟ್ಟಡ ಇಂಥದ್ದಕ್ಕೆ ಸರಿ. ಇಂಥ ಕೆಲಸ ನಿಲ್ಲುವುದು ಹೆಚ್ಚಾಗಿ ಜಾಗದ ವಿಷಯಕ್ಕೆ. ಸರ್ವೆ ನಂಬರು, ಜಾಗ ಪಂಚಾಯಿತಿಯದ್ದೇ ಎಂಬ ದಾಖಲೆ, ಪಂಚಾಯಿತಿ ನಿರ್ಣಯದ ಪ್ರತಿ, ಎಂಜಿನಿಯರ್ ಸಹಿಯ ಅಂದಾಜು ಪಟ್ಟಿ, ಈ ನಾಲ್ಕನ್ನೂ ಜೊತೆಗಿಟ್ಟರೆ ಶಾಸಕರು ಶಿಫಾರಸು ಪತ್ರಕ್ಕೆ ಸಹಿ ಹಾಕುವುದಷ್ಟೇ ಬಾಕಿ.

ಎಲ್ಲಿ ಕೊಟ್ಟರೂ ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಟಪಾಲಿನ ಮುದ್ರೆ, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಮುಂದಿನ ಪತ್ರಗಳೆಲ್ಲ ಆ ಸಂಖ್ಯೆಯ "ಉಲ್ಲೇಖ"ದಿಂದಲೇ ಶುರುವಾಗಬೇಕು.

---

ತೂಬುಕೋಡಿ

"ಎಲ್ಲಾ ಕೆರೆಗಳ ಹೂಳೆತ್ತಿ" ಎಂಬ ಬೇಡಿಕೆ ಬಗ್ಗೆ. ಇದನ್ನು ಹೀಗೇ ಬಿಟ್ಟರೆ ಅಪಾಯ, ಗುತ್ತಿಗೆದಾರರಿಗೆ ಮಾತ್ರ ಲಾಭ.

ಮೊದಲು ಕೆರೆ ಯಾರದ್ದು ನೋಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಪಂಚಾಯತ್ ರಾಜ್ ವ್ಯಾಪ್ತಿ, 40ರಿಂದ 2,000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿ ಇಲಾಖೆ. ಸಣ್ಣ ಕೆರೆಗೆ ಸಣ್ಣ ನೀರಾವರಿ ಮಂತ್ರಿಗೆ ಪತ್ರ ಬರೆದರೆ "ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂಬ ಒಂದು ಸಾಲು ಬರಲು ಮೂರು ತಿಂಗಳು.

ಎರಡನೆಯದು ಲೆಕ್ಕ. ಒಂದು ಎಕರೆ ವಿಸ್ತೀರ್ಣದಲ್ಲಿ ಒಂದು ಅಡಿ ಹೂಳು ತೆಗೆದರೆ ಸುಮಾರು 1,233 ಘನ ಮೀಟರ್ ಮಣ್ಣು. ಟ್ರ್ಯಾಕ್ಟರ್ ಟ್ರೈಲರಿಗೆ ಮೂರು ಘನ ಮೀಟರ್ ಎಂದು ಹಿಡಿದರೂ ನಾನ್ನೂರಕ್ಕೂ ಹೆಚ್ಚು ಲೋಡು. ಅದರಿಂದ ಸಿಗುವ ಹೆಚ್ಚುವರಿ ಜಾಗ 12.3 ಲಕ್ಷ ಲೀಟರ್. 20 ಎಕರೆ ಕೆರೆಗೆ ಎರಡಡಿ ಎಂದರೆ ಹದಿನಾರು ಸಾವಿರ ಲೋಡು. ಈ ಲೆಕ್ಕ ಮಾಡದೆ ಹಾಕಿದ ಮೊತ್ತ ಮೊದಲ ಮೂಲೆಯಲ್ಲೇ ಮುಗಿಯುತ್ತದೆ, ನಡುವೆ ಒಂದು ಗುಂಡಿ ಉಳಿಯುತ್ತದೆ. ತೂಬಿನ ಮಟ್ಟಕ್ಕಿಂತ ಕೆಳಗೆ ಅಗೆದರೆ ಆ ನೀರು ಕಾಲುವೆಗೆ ಹರಿಯುವುದಿಲ್ಲ. ದನಕರುಗಳಿಗೂ ಅಂತರ್ಜಲಕ್ಕೂ ಆಗಬಹುದು, ಅಚ್ಚುಕಟ್ಟಿನವರಿಗೆ ಆಗದು. ಏರಿಯ ಬುಡದಲ್ಲಿ ಅಗೆದರೆ ಏರಿ ಜಾರುತ್ತದೆ. ಮರಳು ಅಥವಾ ಇಟ್ಟಿಗೆ ಮಣ್ಣಿನ ಆಸೆಗೆ ತಳದ ಜಿಗುಟು ಪದರವನ್ನೇ ತೂತು ಮಾಡಿದರೆ ಕೆರೆ ನೀರು ನಿಲ್ಲಿಸುವುದನ್ನೇ ಬಿಡುತ್ತದೆ.

ಹೂಳಿಗಿಂತ ಮುಂಚೆ ನೀರು ಬರುವ ದಾರಿ ನೋಡಿ. ಬಯಲುಸೀಮೆಯಲ್ಲಿ ಈಗ ಬರುವ ಮಳೆ ಕಡಿಮೆ ದಿನ, ಜೋರು ಹೊಡೆತ. ಅಂಥ ಮಳೆಯಲ್ಲಿ ಹಳ್ಳ ಹರಿಯುವುದು ಕೆಲವು ಗಂಟೆ. ಆ ಗಂಟೆಗಳಲ್ಲಿ ನೀರು ಕೆರೆಗೆ ತಲುಪಬೇಕಾದರೆ ಪೂರಕ ಕಾಲುವೆ ತೆರವಾಗಿರಬೇಕು, ರಸ್ತೆ ಅಡಿಯ ಮೋರಿ ಸಾಕಷ್ಟು ಅಗಲವಿರಬೇಕು, ಕೋಡಿ ಗಟ್ಟಿಯಿರಬೇಕು. ಕೋಡಿ ದುರ್ಬಲವಾಗಿದ್ದರೆ ಅದೇ ಮಳೆ ಏರಿಯನ್ನು ಒಡೆದು ಹೋಗುತ್ತದೆ. ಆದ್ದರಿಂದ ಬೇಡಿಕೆಯ ಕ್ರಮ ಹೀಗಿರಲಿ: ಕೆರೆಯ ಗಡಿ ಸರ್ವೆ ಮತ್ತು ಪೂರಕ ಕಾಲುವೆ ಒತ್ತುವರಿ ತೆರವು (ಇದು ತಹಶೀಲ್ದಾರ್ ಮತ್ತು ಭೂಮಾಪನ ಇಲಾಖೆ), ಮೋರಿ, ಕೋಡಿ ಮತ್ತು ತೂಬು ದುರಸ್ತಿ, ಕಟ್ಟಕಡೆಗೆ ಹೂಳು. ಒತ್ತುವರಿ ಎಂದ ಕೂಡಲೇ ಊರಲ್ಲಿ ಮಾತು ಬೆಳೆಯುತ್ತದೆ, ಶಾಸಕರೂ ಹಿಂದೆ ಸರಿಯಬಹುದು. ಅದಕ್ಕೆ ಗ್ರಾಮಸಭೆ ನಿರ್ಣಯವೇ ಆಸರೆ. ವೈಯಕ್ತಿಕ ಹೆಸರು ಹಾಕದೆ "ಸರ್ವೆ ಮಾಡಿ ಗಡಿಕಲ್ಲು ನೆಡುವುದು" ಎಂದಷ್ಟೇ ನಿರ್ಣಯವಾಗಲಿ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಪಂಚಾಯಿತಿಯ ಮುಂದಿನ ವರ್ಷದ ಅಭಿವೃದ್ಧಿ ಯೋಜನೆ ತಯಾರಾಗುವುದು ಅಕ್ಟೋಬರ್ 2ರಿಂದ ಜನವರಿ 31ರವರೆಗಿನ ಅವಧಿಯಲ್ಲಿ. ಆ ಪಟ್ಟಿಯಲ್ಲಿ ಕಾಮಗಾರಿ ಇಲ್ಲದಿದ್ದರೆ ವರ್ಷದ ನಡುವೆ ಸೇರಿಸುವುದು ಕಷ್ಟ. 15ನೇ ಹಣಕಾಸು ಆಯೋಗ ತನ್ನ ಅವಧಿಯ ಅನುದಾನದಲ್ಲಿ ಶೇ. 60ನ್ನು ನೈರ್ಮಲ್ಯ, ಕುಡಿಯುವ ನೀರು ಹಾಗೂ ಮಳೆನೀರು ಸಂಗ್ರಹಕ್ಕೇ ಕಟ್ಟಿಹಾಕಿತ್ತು. ಈ ವರ್ಷ ನಿಮ್ಮ ಪಂಚಾಯಿತಿಗೆ ಅಂಥ ನಿರ್ಬಂಧಿತ ಅನುದಾನ ಎಷ್ಟಿದೆ, ಎಷ್ಟು ಖರ್ಚಾಗಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿ.ಡಿ.ಓ.) ಬಳಿ ಕೇಳಿ ಪಡೆಯಿರಿ. ಖರ್ಚಾಗದೆ ಉಳಿದ ಹಣ ತೋರಿಸಿ ಕೇಳುವುದು ಹೊಸ ಹಣ ಕೇಳುವುದಕ್ಕಿಂತ ಬಲು ಸುಲಭ.

ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಚುನಾಯಿತ ಅವಧಿ 2021ರಲ್ಲಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಹೋಯಿತು. ಸದಸ್ಯರು ಮಾಡಬೇಕಿದ್ದ ಒತ್ತಡದ ಕೆಲಸವೂ ಶಾಸಕರ ಹೆಗಲಿಗೇ ಬಿದ್ದಿದೆ. ಮೂರೇ ಬೇಡಿಕೆ ಎಂದು ಮೇಲಿನವರು ಹೇಳಿದ್ದು ಅದಕ್ಕೂ ಸರಿ.

---

ಹಗರಿದಂಡೆ

ತುಂಬಾ ಉಪಕಾರ. ವಾಣಿವಿಲಾಸದ ಸಾಲು ತೆಗೆದೆವು. ಮೂರು ಬೇಡಿಕೆಯಲ್ಲಿ ಒಂದು ಮಳೆಮಾಪಕ ಮತ್ತು ಬೆಳೆ ವಿಮೆ, ಒಂದು ಪೂರಕ ಕಾಲುವೆ ಎಂದುಕೊಂಡಿದ್ದೇವೆ. ಮಳೆಮಾಪಕ ಕೆಟ್ಟಿದೆ ಎಂದು ಹೇಗೆ ತೋರಿಸುವುದು? ಊರಲ್ಲಿ ಮಳೆ ಬಂದಿರುವುದಿಲ್ಲ, ದಾಖಲೆಯಲ್ಲಿ ಮಳೆ ಇರುತ್ತದೆ ಎನ್ನುತ್ತಾರೆ. ಉಲ್ಟಾ ಕೂಡ ಹೇಳುತ್ತಾರೆ. ಮತ್ತೆ ಮೂರನೇ ಬೇಡಿಕೆ ಏನಿರಲಿ?

---

ಮಳೆಲೆಕ್ಕ

ಹೇಳಿಕೆ ನಡೆಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಅಳತೆ ಬೇಕು. ಶಾಲೆಯ ಅಂಗಳದಲ್ಲಿ ಒಂದು ಸಾದಾ ಮಳೆಮಾಪಕ ಇಡಿಸಿ. ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್ ಇದ್ದರೆ 20 ಮಿಲಿಲೀಟರ್ ನೀರಿಗೆ 1 ಮಿಲಿಮೀಟರ್ ಮಳೆ, 100 ಮಿಲಿಲೀಟರಿಗೆ 5. ಬೆಳಿಗ್ಗೆ 8.30ಕ್ಕೆ ಓದಿ ಅದೇ ದಿನಾಂಕದಲ್ಲಿ ಬರೆಯಬೇಕು. ಸಮಯ ತಪ್ಪಿದರೆ ಒಂದು ದಿನದ ಮಳೆ ಇನ್ನೊಂದು ದಿನಕ್ಕೆ ಸೇರಿ ಹೋಲಿಕೆ ಕೆಡುತ್ತದೆ. ಗೋಡೆ, ಮರ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರವಿಡಿ. ಒಂದು ಹಂಗಾಮಿನ ಪುಸ್ತಕ ಸಿಕ್ಕರೆ ಸಾಕು. ಇದು ವಿಮೆ ಕಂಪನಿ ಒಪ್ಪುವ ದಾಖಲೆ ಆಗುವುದಿಲ್ಲ, ಆದರೆ "ತಪಾಸಣೆ ಮಾಡಿ" ಎಂದು ಕೇಳಲು ಗಟ್ಟಿ ಆಧಾರ.

ಟೆಲಿಮೆಟ್ರಿಕ್ ಮಾಪಕದೊಳಗೆ ಸಣ್ಣ ಬಟ್ಟಲು ತುಂಬಿದಾಗ ವಾಲುತ್ತದೆ, ಪ್ರತಿ ವಾಲಿಕೆ ಒಂದು ಎಣಿಕೆ. ಎಲೆ, ಹಕ್ಕಿ ಹಿಕ್ಕೆ, ಜೇಡರ ಬಲೆ ಕೊಳವೆಯನ್ನು ಮುಚ್ಚಿದರೆ ಮಳೆ ಬಂದರೂ ಸೊನ್ನೆ, ಅಥವಾ ನೀರು ನಿಧಾನವಾಗಿ ಇಳಿದು ಮರುದಿನ ಮಳೆ ಎಂದು ದಾಖಲು. ಕಂಬ ವಾಲಿದ್ದರೆ ಬಟ್ಟಲಿನ ಲೆಕ್ಕ ತಪ್ಪುತ್ತದೆ. ಸೋಲಾರ್ ಫಲಕದ ಮೇಲೆ ಮರದ ನೆರಳು ಬಿದ್ದರೆ ಬ್ಯಾಟರಿ ಇಳಿದು ಮೋಡ ಕವಿದ ದಿನಗಳಲ್ಲೇ, ಅಂದರೆ ಮಳೆಗಾಲದಲ್ಲೇ, ಮಾಪಕ ಮಲಗುತ್ತದೆ. ದತ್ತಾಂಶ ಬಾರದ ದಿನಕ್ಕೆ ಪಕ್ಕದ ಪಂಚಾಯಿತಿಯ ಅಂಕಿ ತುಂಬಿದರೆ ನೀವು ಹೇಳುವ "ಬಾರದ ಮಳೆ" ಹುಟ್ಟುತ್ತದೆ. ಹವಾಮಾನ ಆಧಾರಿತ ವಿಮೆಯ ಅಡಿಕೆ, ದಾಳಿಂಬೆಯಂಥ ಬೆಳೆಗಳಿಗೆ ಇಡೀ ಪರಿಹಾರ ಈ ಅಂಕಿಯ ಮೇಲೆಯೇ ನಿಂತಿದೆ.

ಒಂದು ಎಚ್ಚರಿಕೆ: ಪರೀಕ್ಷೆ ಮಾಡುತ್ತೇವೆಂದು ನೀವೇ ಮಾಪಕಕ್ಕೆ ನೀರು ಸುರಿಯಬೇಡಿ. ಅದು ಮಳೆ ಎಂದೇ ದಾಖಲಾಗಿ ನಿಮ್ಮ ಊರಿನವರ ವಿಮೆಗೇ ಕುತ್ತು. ಅಧಿಕಾರಿ, ತಂತ್ರಜ್ಞರ ಎದುರು, ಅಳತೆಯ ನೀರು ನಿಧಾನವಾಗಿ ಬಿಟ್ಟು ನೋಡುವುದನ್ನೇ ಬೇಡಿಕೆಯಾಗಿಡಿ: "ಮೇ ತಿಂಗಳೊಳಗೆ ತಾಲ್ಲೂಕಿನ ಎಲ್ಲಾ ಮಾಪಕಗಳ ತಪಾಸಣೆ, ಪಂಚಾಯಿತಿ ಪ್ರತಿನಿಧಿಯ ಸಮ್ಮುಖದಲ್ಲಿ, ವರದಿಯ ಪ್ರತಿ ಪಂಚಾಯಿತಿಗೆ."

ಶೇಂಗಾದ ಫಸಲ್ ಬಿಮಾ (ಕೇಂದ್ರದ ಬೆಳೆ ವಿಮೆ) ಬೇರೆ, ಅದು ಬೆಳೆ ಕಟಾವು ಪ್ರಯೋಗದ, ಅಂದರೆ ಆರಿಸಿದ ಹೊಲದಲ್ಲಿ ಕೊಯ್ದು ತೂಗಿ ನೋಡಿದ, ಇಳುವರಿ ಮೇಲೆ. ಮುಖ್ಯ ಬೆಳೆಗೆ ಪಂಚಾಯಿತಿಗೆ ನಾಲ್ಕು ಪ್ರಯೋಗ. ಯಾವ ಸರ್ವೆ ನಂಬರಿನಲ್ಲಿ, ಯಾವ ದಿನ ಎಂದು ಮೊದಲೇ ತಿಳಿಸಬೇಕು ಎಂದು ಕೇಳಿ. ಇನ್ನೊಂದು ಅಂಶ ಮಧ್ಯಂತರ ಪರಿಹಾರ: ಬೆಳೆ ಹೊಲದಲ್ಲಿರುವಾಗಲೇ ನಿರೀಕ್ಷಿತ ಇಳುವರಿಯು "ಮಿತಿ ಇಳುವರಿ"ಯ (ವಿಮೆಗೆ ಗೊತ್ತುಮಾಡಿದ ಇಳುವರಿಯ) ಅರ್ಧಕ್ಕಿಂತ ಕಡಿಮೆ ಎಂದು ಕಂಡರೆ, ಅಂದಾಜು ಪರಿಹಾರದ ಶೇ. 25ನ್ನು ಮೊದಲೇ ಕೊಡಲು ಅವಕಾಶವಿದೆ. ಆದರೆ ಅದಕ್ಕೆ ಸರ್ಕಾರದ ಕಡೆಯಿಂದ ಅಧಿಸೂಚನೆಯಾಗಬೇಕು, ರೈತ ಅರ್ಜಿ ಹಾಕಿದರೆ ಬರುವುದಲ್ಲ. ಇಲ್ಲೇ ಶಾಸಕರು ಬೇಕಾಗುವುದು: ಬಿಡುವು ಮೂರನೇ ವಾರ ದಾಟಿದ ದಿನ ಜಿಲ್ಲಾಧಿಕಾರಿಗೆ ಅವರ ಪತ್ರ ಹೋಗಬೇಕು. ಕಿತ್ತು ಹಾಕಿದ ಶೇಂಗಾ ಅಕಾಲಿಕ ಮಳೆಗೆ ಸಿಕ್ಕರೆ ಮಾತ್ರ ರೈತರೇ 72 ಗಂಟೆಯೊಳಗೆ ತಿಳಿಸಬೇಕು, ಕಟಾವಿನ ನಂತರ 14 ದಿನದವರೆಗೆ ಆ ರಕ್ಷಣೆ ಇದೆ. ಬೆಳೆ ಸಮೀಕ್ಷೆಯಲ್ಲಿ ಒಂದು ಬೆಳೆ, ವಿಮೆಯಲ್ಲಿ ಇನ್ನೊಂದು ಎಂದಾದರೆ ಅರ್ಜಿ ತಿರಸ್ಕೃತ. ಫ್ರೂಟ್ಸ್ ಐಡಿಗೆ (ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆ) ಎಲ್ಲಾ ಸರ್ವೆ ನಂಬರು ಸೇರಿರದಿದ್ದರೆ ಬರ ಪರಿಹಾರವೂ ಅಷ್ಟು ಜಮೀನಿಗೆ ಬರುವುದಿಲ್ಲ. ಇವೆರಡಕ್ಕೆ ಶಾಸಕರನ್ನು ಕಾಯಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಇವತ್ತೇ ನೋಡಿಸಿ.

---

ಬಿಸಿಲುಸೀಮೆ

ಮೂರನೇ ಬೇಡಿಕೆ ಬಿಸಿಲು ಇರಲಿ. ಬರದ ಬಗ್ಗೆ ಎಲ್ಲರೂ ಬರೆಯುತ್ತಾರೆ, ಏಪ್ರಿಲಿನಲ್ಲಿ ಕೂಲಿ ಮಾಡುವ ಹೆಂಗಸರ ಬಗ್ಗೆ ಯಾರೂ ಬರೆಯುವುದಿಲ್ಲ. ನಿಮ್ಮ ಗುಂಪಿನಲ್ಲಿ ಸ್ತ್ರೀಶಕ್ತಿ ಸಂಘದವರೂ ಇರುವುದರಿಂದ ಹೇಳುತ್ತಿದ್ದೇನೆ.

ಬಿಸಿಗಾಳಿ ಎಂದು ಹವಾಮಾನ ಇಲಾಖೆ ಹೇಳಬೇಕಾದರೆ ಬಯಲಿನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ 45 ದಾಟಬೇಕು. ವಾಡಿಕೆಯೇ 39-40 ಇರುವ ಕಡೆ 43 ಆದರೂ ಕಾಗದದಲ್ಲಿ ಬಿಸಿಗಾಳಿ ಇಲ್ಲ. ಮೈಗೆ ಆ ಲೆಕ್ಕ ಗೊತ್ತಾಗುವುದಿಲ್ಲ. ಆದ್ದರಿಂದ ಎಚ್ಚರಿಕೆ ಬಂದ ಮೇಲೆ ಕ್ರಮ ಎನ್ನುವುದನ್ನು ಒಪ್ಪಬೇಡಿ, ತಿಂಗಳು ನೋಡಿ ಕ್ರಮ ಕೇಳಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಫ್ಯಾನಿನ ಕೆಳಗೆ ಕೂರುವವರಿಗೆ ಆ ವ್ಯವಸ್ಥೆ ಇರುವಾಗ, ಉದ್ಯೋಗ ಖಾತ್ರಿ ಕೆಲಸದ ಜಾಗದಲ್ಲಿ ಬೇಸಿಗೆಯ ಸಮಯ, ನೆರಳು, ನೀರು ಕೇಳುವುದು ನ್ಯಾಯ.

ಶಾಸಕರಿಗೆ ಇಡಬೇಕಾದ ಇನ್ನೊಂದು ಬೇಡಿಕೆ ಲೆಕ್ಕದ್ದು. ಮಾರ್ಚ್ 1ರಿಂದ ಜುಲೈ 31ರವರೆಗೆ ಆಸ್ಪತ್ರೆಗಳು ಬಿಸಿಲಿನ ಹೊಡೆತದ ಪ್ರಕರಣಗಳನ್ನು ಪ್ರತ್ಯೇಕವಾಗಿ ವರದಿ ಮಾಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ "ಸುಸ್ತು", "ಜ್ವರ" ಎಂದು ಬರೆದರೆ ತಾಲ್ಲೂಕಿನ ಲೆಕ್ಕ ಸೊನ್ನೆ, ಸೊನ್ನೆಗೆ ಯಾರೂ ಹಣ ಕೊಡುವುದಿಲ್ಲ. ಕೆ.ಡಿ.ಪಿ. ಸಭೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗೆ ಶಾಸಕರು ಕೇಳಲಿ: ಯಾವ ಕೇಂದ್ರ ಎಷ್ಟು ವರದಿ ಮಾಡಿದೆ, ಓ.ಆರ್.ಎಸ್. ದಾಸ್ತಾನು ಎಷ್ಟಿದೆ, ತಂಪು ಕೊಠಡಿ ಎಲ್ಲಿದೆ.

ಮಳೆಲೆಕ್ಕ ಅವರ ಒಂದು ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮೇಜು ಹುಡುಕುವುದು ಸರಿ, ಆದರೆ "ಹವಾಮಾನ ಬದಲಾವಣೆ" ಎಂಬ ಮಾತು ವಿಷಯದ ಸಾಲಿನಲ್ಲಿ ಇರಲೇಬೇಕು. ಅದಿಲ್ಲದೆ ಬರೆದರೆ ಪ್ರತಿ ವರ್ಷವೂ ಇದು ಆ ವರ್ಷದ ಬರ ಪರಿಹಾರದ ಅರ್ಜಿಯಾಗಿಯೇ ಉಳಿಯುತ್ತದೆ. 2024ರ ಮಾರ್ಚ್ 21ರಂದು ರಂಜಿತ್‌ಸಿನ್ಹ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕನ್ನು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿದೆ. ವಿಪತ್ತು ನಿರ್ವಹಣಾ ಕಾಯ್ದೆ 2005ರಂತೆ ಜಿಲ್ಲೆಗೊಂದು ಯೋಜನೆ ಇರಬೇಕು, ವರ್ಷ ವರ್ಷ ಪರಿಷ್ಕರಿಸಬೇಕು. ಅದರಲ್ಲಿ ನಿಮ್ಮ ತಾಲ್ಲೂಕಿನ ಬಿಸಿಲಿನ ಬಗ್ಗೆ ಎಷ್ಟು ಪುಟ ಇದೆ ಎಂದು ತೆಗೆದು ನೋಡಿ, ಆ ಪುಟವನ್ನೇ ಮನವಿಗೆ ಲಗತ್ತಿಸಿ.

---

ಮಳೆಲೆಕ್ಕ

ಒಪ್ಪುತ್ತೇನೆ. ವಿಷಯದ ಸಾಲಿನಲ್ಲಿ ಇರಲಿ, ಬೇಡಿಕೆಯ ಸಾಲುಗಳಲ್ಲಿ ಇಲಾಖೆ ಇರಲಿ.

---

ಟಪಾಲುಮುದ್ರೆ

ಸಂಸದರ ವಿಷಯವನ್ನು ಇಲ್ಲೇ ಮುಗಿಸುತ್ತೇನೆ, ಯಾಕೆಂದರೆ ಶಾಸಕರಿಗೆ ಕೊಟ್ಟ ಮನವಿಯ ಜೆರಾಕ್ಸನ್ನೇ ಸಂಸದರಿಗೂ ಕೊಡುವುದು ರೂಢಿ. ಅದು ಬೇಡ. 2022-26ರ ವಿಪತ್ತು ಪರಿಹಾರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500, ಅದೂ ಎರಡು ಹೆಕ್ಟೇರ್ ಮಿತಿಗೆ, ನಷ್ಟ ಶೇ. 33 ದಾಟಿದ್ದರೆ ಮಾತ್ರ ಎಂದಿತ್ತು. ಈ ದರ ನಿಗದಿ ಮಾಡುವುದು ಕೇಂದ್ರ, ಶಾಸಕರಲ್ಲಿ ಕೇಳಿ ಫಲವಿಲ್ಲ. ದರ ಪರಿಷ್ಕರಣೆ ಮತ್ತು ಬಿಸಿಗಾಳಿಯನ್ನು ರಾಷ್ಟ್ರೀಯ ವಿಪತ್ತು ಪಟ್ಟಿಯಲ್ಲಿ ತರುವ ಮಾತು, ಇವೆರಡು ಸಂಸದರಿಗೆ. ಜಿಲ್ಲೆಯ ದಿಶಾ ಸಮಿತಿಯ ಅಧ್ಯಕ್ಷರೂ ಅವರೇ, ಕೇಂದ್ರ ಯೋಜನೆಗಳ ಪರಿಶೀಲನೆ ಅಲ್ಲಿ ನಡೆಯುತ್ತದೆ, ಫಸಲ್ ಬಿಮಾದ ಬಾಕಿಯನ್ನು ಅಲ್ಲಿ ಎತ್ತಿಸಿ.

ಸೋಲಾರ್ ಬೇಡಿಕೆಯನ್ನು ಬೇರೆ ಪತ್ರ ಮಾಡಿ. ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟಿನ ಪಾರ್ಕ್ ಇದೆ ಎಂದು ನಮಗೂ ಅಂಥದ್ದೇ ಬೇಕು ಎನ್ನಬೇಡಿ. ನಿಮಗೆ ಬೇಕಾದ್ದು ಪಂಪ್‌ಸೆಟ್ ಫೀಡರಿಗೆ ಹಗಲು ವಿದ್ಯುತ್, ಅದಕ್ಕೆ ಕೇಂದ್ರದ ಕುಸುಮ್ ಸಿ ಯೋಜನೆಯ ಫೀಡರ್ ಸೌರೀಕರಣ (ಪಂಪ್‌ಸೆಟ್ ಮಾರ್ಗಕ್ಕೆ ಸೌರ ವಿದ್ಯುತ್ ಕೊಡುವುದು) ಇದೆ. ಉಪಕೇಂದ್ರದ ಹೆಸರು, ಫೀಡರ್ ಹೆಸರು, ಹತ್ತಿರದ ಸರ್ಕಾರಿ ಜಮೀನಿನ ಸರ್ವೆ ನಂಬರು ಬರೆಯಿರಿ. ಮೆಗಾವಾಟಿಗೆ ಸುಮಾರು ನಾಲ್ಕೈದು ಎಕರೆ ಬೇಕಾಗುತ್ತದೆ, ಗೋಮಾಳ ತೋರಿಸುವ ಮುನ್ನ ಕುರಿ ಮೇಯಿಸುವವರನ್ನು ಕೇಳಿ.

---

ಹಗರಿದಂಡೆ

ಕೊನೆಯ ಪ್ರಶ್ನೆ. ಸಹಿ ಎಷ್ಟು ಬೇಕು? ಸಾವಿರ ಸಹಿ ಹಾಕಿಸೋಣ ಎನ್ನುತ್ತಿದ್ದಾರೆ ಹುಡುಗರು.

---

ಟಪಾಲುಮುದ್ರೆ

ಒಂದೇ ಊರಿನ ಸಾವಿರಕ್ಕಿಂತ ಇಪ್ಪತ್ತು ಊರುಗಳ ಇನ್ನೂರು ಮೇಲು. ಶಾಸಕರು ನೋಡುವುದು ಊರಿನ ಹೆಸರು. ಸಹಿ ಪಟ್ಟಿಯನ್ನು ಊರುವಾರು ಜೋಡಿಸಿ, ಪ್ರತಿ ಊರಿನ ಮೇಲೆ ಪಂಚಾಯಿತಿ ಹೆಸರು ಬರೆಯಿರಿ. ಆಧಾರ್ ಸಂಖ್ಯೆ, ಮತದಾರರ ಚೀಟಿ ಸಂಖ್ಯೆ ಹಾಕಿಸಬೇಡಿ, ಆ ಹಾಳೆ ಯಾರ ಕೈ ಸೇರುತ್ತದೋ ಹೇಳಲಾಗದು. ಸಂಪರ್ಕಕ್ಕೆ ಇಬ್ಬರ ಫೋನ್ ನಂಬರು ಸಾಕು, ಅವರಲ್ಲಿ ಒಬ್ಬರು ಸ್ತ್ರೀಶಕ್ತಿ ಸಂಘದವರಾಗಿರಲಿ. ಮನವಿ ಒಂದು ಪುಟ, ಮಳೆ ಬಿಡುವಿನ ಹಾಳೆ ಒಂದು, ಗ್ರಾಮಸಭೆ ನಿರ್ಣಯಗಳು, ಆಮೇಲೆ ಸಹಿ ಪಟ್ಟಿ, ಈ ಕ್ರಮದಲ್ಲಿ ಪಿನ್ ಮಾಡಿ. ಕೊಡಲು ಹೋದಾಗ ಮಾತಾಡುವವರು ಮೂವರೇ ಇರಲಿ, ಬೇಡಿಕೆಗೊಬ್ಬರು. ಹೊರಡುವ ಮುನ್ನ ಶಾಸಕರ ಬಾಯಿಂದಲೇ ಕೆ.ಡಿ.ಪಿ. ಸಭೆಯ ದಿನಾಂಕ ಹೇಳಿಸಿಕೊಂಡು ಬರೆದುಕೊಳ್ಳಿ.